ಸ್ಪಷ್ಟನೆ: ಸ್ಟ್ರಿಪ್ ಮಾಡಿದರೆ ಫೈಲ್ ಸಣ್ಣದಾಗುತ್ತದೆ, ವೇಗ ಹೆಚ್ಚುವುದಿಲ್ಲ

ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಪ್ರಾಜೆಕ್ಟ್ ಕೊಡೋ ಮುಂಚೆ ಸ್ಟ್ರಿಪ್ ಕಮಾಂಡ್ ಹೊಡೀರಿ. ಫೈಲ್ ಸಣ್ಣದಾಗುತ್ತೆ, ಪ್ರೋಗ್ರಾಂ ಡಬಲ್ ಸ್ಪೀಡಲ್ಲಿ ಓಡುತ್ತೆ, ರ‍್ಯಾಮೂ ಉಳಿಯುತ್ತೆ. ಆಮೇಲೆ ಯುಪಿಎಕ್ಸ್ ಹಾಕಿದ್ರೆ ಇನ್ನೂ ಫಾಸ್ಟ್." ಫೈಲ್ ಸಣ್ಣದಾಗುವುದು ನಿಜ. ಉಳಿದದ್ದು ಸುಳ್ಳು.

ಕಂಪೈಲ್ ಆದ ಪ್ರೋಗ್ರಾಂ ಫೈಲಿನಿಂದ ಸ್ಟ್ರಿಪ್ ಕಿತ್ತುಹಾಕುವುದು ಸಿಂಬಲ್ ಟೇಬಲ್ ಮತ್ತು ಡೀಬಗ್ (ದೋಷ ಹುಡುಕಲು ನೆರವಾಗುವ) ಮಾಹಿತಿಯನ್ನು, ಅಂದರೆ ಫಂಕ್ಷನ್‌ಗಳ ಹೆಸರು, ಸೋರ್ಸ್‌ನ ಸಾಲಿನ ಸಂಖ್ಯೆ ಇತ್ಯಾದಿ. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಶುರುವಾದಾಗ ಇವು ಮೆಮೊರಿಗೆ ಬರುವುದೇ ಇಲ್ಲ, ಡಿಸ್ಕ್ ಮೇಲಷ್ಟೇ ಜಾಗ ಹಿಡಿದಿರುತ್ತವೆ. ನಂಬಿಕೆ ಬರದಿದ್ದರೆ ಸ್ಟ್ರಿಪ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ 'ಸೈಜ್' ಕಮಾಂಡ್ ಕೊಟ್ಟು ನೋಡಿ. ಮೆಮೊರಿಗೆ ಬರುವ ಭಾಗಗಳ ಗಾತ್ರ ತೋರಿಸುವ ಟೆಕ್ಸ್ಟ್, ಡೇಟಾ, ಬಿಎಸ್‌ಎಸ್ ಮೂರೂ ಅಂಕಿ ಹಾಗೇ ಇರುತ್ತವೆ. ಪ್ರೊಸೆಸರ್ ಓಡಿಸುವ ಕೋಡೇ ಬದಲಾಗಿಲ್ಲ ಅಂದಮೇಲೆ ವೇಗ ಎಲ್ಲಿಂದ ಬರಬೇಕು?

ಕೋಡೇ ಸಣ್ಣದಾಗಬೇಕಿದ್ದರೆ ಕಂಪೈಲ್ ಮಾಡುವಾಗಲೇ ಜಿಸಿಸಿ ಕಂಪೈಲರ್‌ಗೆ '-ಓಎಸ್' (-Os) ಆಯ್ಕೆ ಕೊಡಿ. ಬಳಸದ ಫಂಕ್ಷನ್‌ಗಳನ್ನು ಕೈಬಿಡಲು ಲಿಂಕರ್‌ಗೂ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಸಾಧನ) ಹೇಳಬಹುದು.

ಯುಪಿಎಕ್ಸ್ ಎಂಬ ಸಾಧನ ಪ್ರೋಗ್ರಾಂ ಫೈಲನ್ನು ಒತ್ತಿ ಕಟ್ಟುತ್ತದೆ (ಕಂಪ್ರೆಸ್ ಮಾಡುತ್ತದೆ), ನಿಜ. ಆದರೆ ಪ್ರತಿ ಸಲ ಓಡಿಸುವಾಗಲೂ ಅದನ್ನು ಮೆಮೊರಿಯಲ್ಲಿ ಬಿಚ್ಚಲೇಬೇಕು, ಹಾಗಾಗಿ ಶುರುವಾಗುವುದು ನಿಧಾನವಾಗಬಹುದು. ಕೆಲವು ಆಂಟಿವೈರಸ್‌ಗಳು ಅಂಥ ಫೈಲನ್ನು ಅನುಮಾನಿಸಿ ತಡೆಯುವುದೂ ಉಂಟು.

ನನಗೆ ಹೆಚ್ಚು ಆತಂಕವಿರುವುದು ಇನ್ನೊಂದರ ಬಗ್ಗೆ. ಸ್ಟ್ರಿಪ್ ಅದೇ ಫೈಲನ್ನೇ ತಿದ್ದಿಬಿಡುತ್ತದೆ. ಆಮೇಲೆ ಪ್ರೋಗ್ರಾಂ ಕ್ರ್ಯಾಶ್ ಆದರೆ ಜಿಡಿಬಿ ಎಂಬ ಡೀಬಗರ್‌ನಲ್ಲಿ ನಿಮ್ಮ ಫಂಕ್ಷನ್ ಹೆಸರಿನ ಜಾಗದಲ್ಲಿ ಬರೀ '??' ಕಾಣುತ್ತದೆ. ದಯವಿಟ್ಟು ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಜೂನಿಯರ್‌ಗಳಿಗೂ ತಿಳಿಸಿ.