ರೇಂಜ್ ಆಮೇಲೆ, ಮೊದಲು ಮಾಸ್ಟ್ ಎತ್ತರ ಹೇಳಿ

ಚಿಕ್ಕಮಗಳೂರಿನ ನಮ್ಮ ವಾಟ್ಸಾಪ್ ಗುಂಪಿಗೆ ಇವತ್ತು ಬೆಳ್ಳಂಬೆಳಗ್ಗೆ ಬಂದ ಫಾರ್ವರ್ಡ್ ನೋಡಿ: "100 ಕಿ.ಮೀ. ರೇಂಜಿನ ಕ್ಷಿಪಣಿ ಇರೋ ಒಂದೇ ಹಡಗು ಮಂಗಳೂರಿನ ಎದುರು ನಿಂತರೆ ಸಾಕು, ಸುತ್ತ 100 ಕಿ.ಮೀ. ನೊಣವೂ ನುಸುಳಲ್ಲ." ಕೆಳಗೆ ಸಾಲುಸಾಲು ಕೈಮುಗಿದ ಎಮೋಜಿ. ನಾನು ಸುಮ್ಮನಿರೋ ಪೈಕಿ ಅಲ್ಲ ಅಂತ ನಿಮಗೆ ಗೊತ್ತೇ ಇದೆ.

ಮಾರಾಯ್ರೆ, 100 ಅನ್ನೋದು ಹಡಗಿನ ತಡೆ ಕ್ಷಿಪಣಿ ಹಾರೋ ದೂರ, ರಾಡಾರ್ ಕಾಣೋ ದೂರ ಅಲ್ಲ. ರಾಡಾರ್ ರೇಡಿಯೋ ಅಲೆ ಬಿಟ್ಟು, ಗುರಿಗೆ ಬಡಿದು ವಾಪಸ್ ಬರೋ ಪ್ರತಿಧ್ವನಿ ಹಿಡಿಯುತ್ತೆ. ಭೂಮಿ ಗುಂಡಗಿದೆ, ಆ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತೆ. ಆಂಟೆನಾದ ಎತ್ತರ, ಗುರಿಯ ಎತ್ತರ ಎರಡನ್ನೂ ಮೀಟರಿನಲ್ಲಿ ತಗೊಂಡು ವರ್ಗಮೂಲ ತೆಗೆದು ಕೂಡಿಸಿ, 4.12ರಿಂದ ಗುಣಿಸಿ. ಬರೋದು ಕಾಣೋ ದೂರ, ಕಿ.ಮೀ.ನಲ್ಲಿ. ರಾಡಾರ್ ಹಡಗಿನ ಮಾಸ್ಟ್ ಮೇಲೆ, ಅಂದರೆ ಎತ್ತರದ ಕಂಬದ ಮೇಲೆ, 20 ಮೀಟರಿನಲ್ಲಿದ್ದು, ಶತ್ರು ಕ್ಷಿಪಣಿ ನೀರಿನಿಂದ 5 ಮೀಟರ್ ಮೇಲೆ ಬಂದರೆ ಸುಮಾರು 28. ಎಷ್ಟು ಕಿಲೋವ್ಯಾಟ್ ಸುರಿದರೂ ಅಷ್ಟೇ. ಬೇಲಿ ಆಚೆ ಬಗ್ಗಿಕೊಂಡು ಬರೋ ಕಾಫಿ ಕಳ್ಳನಿಗೆ ನಿಮ್ಮ ಟಾರ್ಚ್ ಎಷ್ಟು ದೊಡ್ಡದಾದರೇನು?

ಶಬ್ದಕ್ಕಿಂತ ಸ್ವಲ್ಪ ನಿಧಾನದ್ದಾದರೆ ಆ 28 ಕಿ.ಮೀ.ಗೆ ನೂರು ಸೆಕೆಂಡ್. ಬ್ರಹ್ಮೋಸ್‌ನಂಥ ಮ್ಯಾಕ್ 2.8ರದ್ದಾದರೆ (ಶಬ್ದದ 2.8 ಪಟ್ಟು ವೇಗ) ಮೂವತ್ತೂ ಇಲ್ಲ. ಅಷ್ಟರೊಳಗೆ ಸಮುದ್ರದ ಅಲೆಗಳ ಗದ್ದಲದಿಂದ ಅದರ ಪ್ರತಿಧ್ವನಿ ಬೇರ್ಪಡಿಸಬೇಕು, ಅದು ಬರೋ ದಾರಿ ಖಚಿತವಾಗಬೇಕು, ನಮ್ಮ ಕ್ಷಿಪಣಿ ಹೊರಡಬೇಕು. ಅದೂ ಮೊದಲು ನೆಟ್ಟಗೆ ಮೇಲೆದ್ದು ಆಮೇಲೆ ತಿರುಗೋದು. ಹತ್ತು ಸೆಕೆಂಡ್ ಇದಕ್ಕೇ ಹೋಯಿತು ಅನ್ನಿ, ಆ ಮ್ಯಾಕ್ 2.8ರ ಶತ್ರು ಒಂಬತ್ತೂವರೆ ಕಿ.ಮೀ. ಹತ್ತಿರ ಬಂದಾಯಿತು. ತಪ್ಪಿದರೆ ಇನ್ನೊಂದು ಹೊಡೆಯೋಕೆ ಪುರುಸೊತ್ತಿಲ್ಲ, ಹಾಗಾಗಿ ಒಂದು ಗುರಿಗೆ ಎರಡು ಬಿಡಬೇಕಾಗುತ್ತೆ. ನಮ್ಮ ನೌಕಾಪಡೆಯ ಕೋಲ್ಕತ ವರ್ಗದ ಹಡಗಿನಲ್ಲಿ ಬರಾಕ್-8 ಅನ್ನೋ ತಡೆ ಕ್ಷಿಪಣಿ ಇರೋದು 32. ಭಾಗಿಸಿ ನೋಡಿ. ಖಾಲಿಯಾದರೆ ಬಂದರಿಗೆ ಬಂದು ಕ್ರೇನ್ ಹಿಡಿಯಬೇಕು.

"ಹಾಗಾದರೆ ಮುಳ್ಳಯ್ಯನಗಿರಿ ಮೇಲೆ ರಾಡಾರ್ ಇಡಿ" ಅಂದರು ಒಬ್ಬರು. ಪಾಪ, ಲೆಕ್ಕ ತಪ್ಪಲ್ಲ: 1,930 ಮೀಟರಿಗೆ 180 ಕಿ.ಮೀ. ದಾಟುತ್ತೆ. ಆದರೆ ಕಡಲತೀರಕ್ಕೇ ನೂರು ಚಿಲ್ಲರೆ ಹೋಯಿತು, ನಡುವೆ ಕುದುರೆಮುಖದ ಸಾಲು ಬೇರೆ. ಹಡಗು ನಡುಗಡಲಿಗೆ ಹೋದರೆ ಗಿರಿಯನ್ನೂ ಹೊತ್ತುಕೊಂಡು ಹೋಗ್ತೀರಾ? ನೌಕಾಪಡೆ ಅದಕ್ಕೇ ಹೊಟ್ಟೆಯಡಿ ರಾಡಾರ್ ಬಿಚ್ಚೋ ಕಾಮೋವ್-31 ಹೆಲಿಕಾಪ್ಟರ್ ಇಟ್ಟುಕೊಂಡಿರೋದು.

ಬ್ಯಾಲಿಸ್ಟಿಕ್ ಕ್ಷಿಪಣಿ, ಅಂದರೆ ಎಸೆದ ಕಲ್ಲಿನಂತೆ ಎತ್ತರಕ್ಕೆ ಹೋಗಿ ಬೀಳೋದು, ಮೇಲಿಂದ ಬರುತ್ತೆ, ಕಾಣುತ್ತೆ, ಒಪ್ಪಿದೆ. ಅಲ್ಲಿ ಗೋಳು ಬೇರೆ: ದೂರ ಎರಡರಷ್ಟಾದರೆ ಪ್ರತಿಧ್ವನಿ ಹದಿನಾರನೇ ಒಂದು ಪಾಲು. ಅಂಥದ್ದನ್ನು ವಾತಾವರಣದ ಒಳಗೇ ತಡೆಯೋ ಕ್ಷಿಪಣಿಯನ್ನು ನಮ್ಮವರು ಕಡಲಿಂದ ಮೊದಲು ಹಾರಿಸಿದ್ದು 2023ರ ಏಪ್ರಿಲ್ 21ರಂದು, ಒಡಿಶಾ ಕರಾವಳಿಯಾಚೆ. ಅಮೆರಿಕದ ಹಡಗುಗಳ ಎಸ್‌ಎಂ-3 ತಡೆ ಕ್ಷಿಪಣಿ ವಾತಾವರಣದ ಹೊರಗೇ ಹೋಗಿ ಹೊಡೆಯುತ್ತೆ. ಅದರ ತಲೆಯಲ್ಲಿ ಸ್ಫೋಟಕವೇ ಇಲ್ಲ, ಬರೀ ಡಿಕ್ಕಿ. 2008ರಲ್ಲಿ ಕೆಟ್ಟ ಉಪಗ್ರಹವೊಂದನ್ನು ಒಡೆದದ್ದು ಅದೇ.

ಇನ್ನು ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಡಿಶ್‌ಗಳ ಫೋಟೋ ಹಾಕಿ "ಇದೇ ನಮ್ಮ ರಾಡಾರ್" ಅಂದ ಮಹಾನುಭಾವರೇ, ಅವು ರಾಡಾರೇ ಅಲ್ಲ. 36,000 ಕಿ.ಮೀ. ಮೇಲಿರೋ ಉಪಗ್ರಹ ತಾನಾಗೇ ಸಿಗ್ನಲ್ ಕಳಿಸುತ್ತೆ, ಡಿಶ್ ಅದನ್ನು ಹಿಡಿಯುತ್ತೆ. ಶತ್ರು ಕ್ಷಿಪಣಿಗೆ ಅಷ್ಟು ಮರ್ಯಾದೆ ಇರಲ್ಲ.