ಪ್ರೋಟೀನ್ ಲೆದರ್ ಅಂದ್ರೆ ಚರ್ಮ ಅಲ್ಲ, ಆದ್ರೂ ಒಂದು ಮಾತು ಕೇಳಿ

ಹೆಡ್‌ಫೋನಿನ ಡಬ್ಬಿ ಮೇಲೆ ‘ಪ್ರೋಟೀನ್ ಲೆದರ್’ ಅಂತ ಇದ್ದರೆ ಅದು ಪ್ರಾಣಿಯ ಚರ್ಮ, ಮುಟ್ಟಬೇಡಿ ಅನ್ನೋ ಮೆಸೇಜ್ ಓಡಾಡುತ್ತಿದೆ. ತಪ್ಪು. ಅದು ಪಾಲಿಯುರೆಥೇನ್, ಅಂದರೆ ಬಟ್ಟೆ ಮೇಲೆ ಬಳಿದ ಪ್ಲಾಸ್ಟಿಕ್. ನನ್ನ ಹಳೇ ಹೆಡ್‌ಫೋನಿನ ಮೆತ್ತೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಸಿಪ್ಪೆ ಸಿಪ್ಪೆಯಾಗಿ ಉದುರಿ ಕಿವಿಗೆ ಅಂಟುತ್ತಿತ್ತು, ಕೆಳಗೆ ನೋಡಿದರೆ ಸಣ್ಣ ನೇಯ್ಗೆಯ ಬಟ್ಟೆ.

ಆದರೆ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಮುಟ್ಟಿದರೆ ಚರ್ಮದ ಹಾಗೆ ಮೃದುವಾಗಿರಲಿ, ಬೆವರು ಹೀರಲಿ ಅಂತ ಕೆಲವು ಕಂಪನಿಯವರು ಇದಕ್ಕೆ ಪ್ರೋಟೀನ್ ಪುಡಿ ಬೆರೆಸುತ್ತಾರೆ. ಅದು ಮೊಟ್ಟೆ ಚಿಪ್ಪಿನ ಒಳಪೊರೆಯದೋ, ಪ್ರಾಣಿಗಳ ಚರ್ಮ-ಮೂಳೆಯಲ್ಲಿರುವ ಕೊಲಾಜೆನ್ ಅನ್ನೋ ಪ್ರೋಟೀನೋ ಆಗಿರಬಹುದು. ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ಪ್ರಾಣಿಯಿಂದ ಬಂದದ್ದೇ ಬೇಡ ಅನ್ನುವ ಕಟ್ಟುನಿಟ್ಟಿನವರು ಕಂಪನಿಗೆ ಮೇಲ್ ಹಾಕಿ, ‘ಚರ್ಮ ಇದೆಯಾ’ ಅಂತಲ್ಲ, ‘ಪ್ರಾಣಿಯಿಂದ ಬಂದ ಪುಡಿ ಇದೆಯಾ’ ಅಂತ ಕೇಳಿ. ನಿಜವಾದ ಚರ್ಮ ಬೇರೆ ಕಡೆ ಇತ್ತು: ಬೋವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯ ಹಳೇ ಪಿ5 ಹೆಡ್‌ಫೋನಿನಲ್ಲಿ ಕುರಿ ಚರ್ಮ.

ಸುಮ್ನೆ ವೆಲ್ವೆಟ್ ಮೆತ್ತೆ ಹಾಕಿಸಿಕೊಳ್ಳಿ ಅನ್ನುವವರೂ ಇದ್ದಾರೆ. ಅದರ ಸಂದಿಯಲ್ಲಿ ಗಾಳಿ ಹಾಯುತ್ತದೆ, ಬಸ್ ಇಂಜಿನ್ನಿನ ಗುಂಯ್ ಸದ್ದು ಜಾಸ್ತಿ ಕೇಳುತ್ತದೆ. ಆಮೇಲೆ ಹೊರಗಿನ ಗದ್ದಲ ತಡೆಯುವ ಹೆಡ್‌ಫೋನಿಗೆ ದುಡ್ಡು ಕೊಟ್ಟಿದ್ದು ಯಾಕೆ, ಅಲ್ವಾ?

ಇನ್ನು ಇಂಥ ಹೆಡ್‌ಫೋನಿಗೆ ವೈರ್ ಇದ್ದರೆ ಬ್ಯಾಟರಿ ಬೇಡ ಅನ್ನೋ ಮಾತು, ಅದೂ ತಪ್ಪು. ವೈರಿನ ತುದಿಯ 3.5 ಮಿ.ಮೀ. ಪಿನ್ ಹಾಡು ತರುತ್ತದೆ, ಗದ್ದಲ ತಡೆಯುವ ಕರೆಂಟ್ ತರುವುದಿಲ್ಲ. 2014ರ ಬೋಸ್ ಕ್ಯೂಸಿ25 ಹೆಡ್‌ಫೋನಿಗೆ ಒಂದು ಎಎಎ ಸೆಲ್ ಬೇಕು. ಮುಗಿದರೂ ಹಾಡು ಕೇಳುತ್ತದೆ. ಅದಕ್ಕೂ ಹಿಂದಿನ ಕ್ಯೂಸಿ15ರಲ್ಲಿ ಸೆಲ್ ಸತ್ತರೆ ಹಾಡೂ ಬಂದ್.