ಸತ್ಯಾಂಶ: ಮಂಗನ ಕಾಯಿಲೆ ಮತ್ತು ಮೊದಲ ದಿನದ ‘ನೆಗೆಟಿವ್’ ವರದಿ

‘ಜ್ವರ ಬಂದ ಮರುದಿನವೇ ಮಾಡಿಸಿದ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಆದರೆ ಮಂಗನ ಕಾಯಿಲೆ ಇಲ್ಲವೆಂದೇ ಅರ್ಥ’ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ತಪ್ಪು, ಅಪಾಯಕಾರಿಯೂ ಹೌದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಬೆಳಕಿಗೆ ಬಂದ ಈ ಕಾಯಿಲೆಯ ವೈರಸ್, ಸೋಂಕಿತ ಉಣುಗು ಕಚ್ಚಿದಾಗ ಮನುಷ್ಯರ ದೇಹವನ್ನು ಸೇರಿ, ಸಾಮಾನ್ಯವಾಗಿ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರವನ್ನು ತರುತ್ತದೆ. (ಮಂಗಗಳು ಇಲ್ಲಿ ಅಪರಾಧಿಗಳಲ್ಲ, ನಮ್ಮಂತೆಯೇ ರೋಗಕ್ಕೆ ಬಲಿಯಾಗುವವು.) ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಹೇರಳವಾಗಿರುತ್ತದೆ, ಆದರೆ ಅದನ್ನೇ ಗುರಿಯಾಗಿಸಿದ ಐಜಿಎಂ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ರಕ್ಷಕ ಪ್ರೋಟೀನುಗಳು) ಪರೀಕ್ಷೆಗೆ ಸಿಗುವಷ್ಟು ತಯಾರಾಗಲು ರೋಗನಿರೋಧಕ ವ್ಯವಸ್ಥೆಗೆ ಕೆಲವು ದಿನಗಳು ಬೇಕಾಗುತ್ತವೆ. ಹೀಗಾಗಿ ಆರಂಭದಲ್ಲಿ ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಉಪಯುಕ್ತ. ದಿನ ಕಳೆದಂತೆ ಲೆಕ್ಕ ತಿರುವುಮುರುವಾಗುತ್ತದೆ: ಪ್ರತಿಕಾಯಗಳು ಏರಿ, ರಕ್ತದಲ್ಲಿನ ವೈರಸ್ ಇಳಿದಾಗ ಪಿಸಿಆರ್ ನೆಗೆಟಿವ್ ಬರಬಹುದು, ಆಗ ಈ ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ರೋಗವನ್ನು ತೋರಿಸುತ್ತದೆ.

ಕೆಲವರಲ್ಲಿ ಜ್ವರ ಇಳಿದು, ಒಂದೆರಡು ವಾರಗಳ ನಂತರ ತೀವ್ರ ತಲೆನೋವು, ನಡುಕ, ಗೊಂದಲಗಳೊಂದಿಗೆ ಮರಳುವುದೂ ಉಂಟು. ಆದ್ದರಿಂದ ಕಾಡಿಗೆ ಹೋಗಿಬಂದವರು ಜ್ವರ ಆರಂಭವಾದ ದಿನಾಂಕವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಯಾವ ಪರೀಕ್ಷೆ, ಮರುಪರೀಕ್ಷೆ ಯಾವಾಗ ಎಂಬುದು ಅದನ್ನೇ ಅವಲಂಬಿಸಿರುತ್ತದೆ.